ಮುಗಿಯದ ಹೊಲಿಗೆ

ಹಾಡು ಮುಗಿಯಿತು, ಇನ್ನು ಯಾರೋ ಒಬ್ಬರು ಉಪದೇಶ ಮಾಡಲು ಬಂದರು ಎಂದು ನೀವು ರೇಡಿಯೋದ ಕಿವಿ ತಿರುಚುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಉಪದೇಶ ಮಾಡುವ ಅರ್ಹತೆ ಈ ವಿಷಯದಲ್ಲಿ ನನಗಿಲ್ಲ. ನಾನು ಬಂದಿರುವುದು ತಪ್ಪೊಪ್ಪಿಕೊಳ್ಳಲು. ಕೇಳುತ್ತಿರುವ ತಾಯಂದಿರಲ್ಲಿ ಕೆಲವರ ಕೈಯಲ್ಲಿ ಈಗಲೂ ಸೂಜಿಯೋ ಹೆಣಿಗೆಯ ಕಡ್ಡಿಯೋ ಇರಬಹುದು. ಇದ್ದರೆ ಕೆಳಗಿಡಬೇಡಿ, ಕೈ ತನ್ನ ಕೆಲಸ ಮಾಡುತ್ತಿರಲಿ, ಕಿವಿಯನ್ನಷ್ಟೇ ನನಗೆ ಕೊಡಿ.

ನಮ್ಮ ಮನೆಯಲ್ಲಿ ಮಂಚದ ಕೆಳಗೆ ಒಂದು ತಗಡಿನ ಟ್ರಂಕು ಇದೆ. ನಾನು ಮದುವೆಯಾಗಿ ಬಳ್ಳಾರಿಗೆ ಬಂದಾಗ ತವರಿನವರು ಕೊಟ್ಟದ್ದು. ಆಗ ಅದರ ತುಂಬ ಸೀರೆಗಳಿದ್ದವು. ಕಾಲಕ್ರಮದಲ್ಲಿ ಸೀರೆಗಳು ಬೀರುವಿಗೆ ಹೋದವು, ಟ್ರಂಕಿಗೆ ಅರೆಗೆಲಸಗಳು ಬಂದವು. ಅವುಗಳ ಪಟ್ಟಿಯನ್ನು ಒಮ್ಮೆ ಕೇಳಿ. ಒಂದೇ ತೋಳಿನ ಸ್ವೆಟರು ಒಂದು. ಕಚ್ಚಾ ಹೊಲಿಗೆ ಹಾಕಿಸಿಕೊಂಡು ಕಾಜಾ ಗುಂಡಿಗಾಗಿ ಕಾಯುತ್ತಿರುವ ರವಿಕೆ ಎರಡು. ಅರ್ಧದವರೆಗೆ ಫಾಲ್ ಹಚ್ಚಿದ ಇಳಕಲ್ ಸೀರೆ ಒಂದು. ಮಗನ ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಸಂತೆಚೀಲ ಮಾಡಲು ಹೊರಟು, ಹಿಡಿ ಕೂಡಿಸದೆ ಬಿಟ್ಟದ್ದು ಒಂದು. ಇವೆಲ್ಲಕ್ಕೂ ಅಡಿಯಲ್ಲಿ, ನಾಲ್ಕು ಮಡಿಕೆ ಮಾಡಿ ಇಟ್ಟ ಒಂದು ಕೌದಿ. ನಮ್ಮ ಮನೆಯವರು ಈ ಟ್ರಂಕಿಗೆ ‘ಅಪೂರ್ಣ ಕೃತಿಗಳ ಸಂಪುಟ’ ಎಂದು ನಾಮಕರಣ ಮಾಡಿದ್ದರು. ಕನ್ನಡ ಪಂಡಿತೆಯ ಗಂಡನಾದ ಮೇಲೆ ಅಷ್ಟು ವ್ಯುತ್ಪತ್ತಿ ಅವರಿಗೂ ಬಂದಿದೆ.

ಮೊದಲು ಸ್ವೆಟರಿನ ಕಥೆ ಹೇಳಿ ಮುಗಿಸುತ್ತೇನೆ. ಬಳ್ಳಾರಿಯ ಬಿಸಿಲಿನಲ್ಲಿ ಸ್ವೆಟರು ಹೆಣೆಯುವವಳೂ ಒಬ್ಬಳಿದ್ದಾಳೆಯೇ ಎಂದು ನೀವು ನಗಬಹುದು. ಆದರೆ ಉಣ್ಣೆ ನಮ್ಮ ಸೀಮೆಗೆ ಹೊಸದಲ್ಲ. ಕುರಿಗಳಲ್ಲಿ ‘ಬಳ್ಳಾರಿ’ ಎಂದೇ ಹೆಸರಾದ ತಳಿ ಇದೆ. ಅದರ ಒರಟು ಉಣ್ಣೆಯಿಂದ ನೂತ ನೂಲಿಗೆ ಹುಣಸೆ ಬೀಜದ ಸರಿ ಹಚ್ಚಿ, ಮಗ್ಗಕ್ಕೆ ಏರಿಸಿ, ಕಂಬಳಿ ನೇಯುವುದು ಈ ಕಡೆಯ ಹಳೆಯ ಕಸಬು. ನನ್ನ ಮಗ ಓದಲು ದಿಲ್ಲಿಗೆ ಹೋದಾಗ ಅಲ್ಲಿಯ ಚಳಿಗೆಂದು ನಾನು ನೀಲಿ ಉಣ್ಣೆ ತಂದು ಹೆಣೆಯಲು ಕುಳಿತೆ. ಬೆನ್ನು ಆಯಿತು, ಎದೆ ಆಯಿತು, ಬಲದೋಳೂ ಆಯಿತು. ಎಡದೋಳಿಗೆ ಕೈಹಾಕುವ ಹೊತ್ತಿಗೆ ಅರ್ಧವಾರ್ಷಿಕ ಪರೀಕ್ಷೆ ಬಂತು. ಆಮೇಲೆ ಉಣ್ಣೆ ಸಾಲಲಿಲ್ಲ. ಅದೇ ನೀಲಿಯನ್ನು ಹುಡುಕಿದರೆ, ಬಣ್ಣದ ಪಾಕ ಬದಲಾದದ್ದರಿಂದ ಹೊಸ ಉಂಡೆ ಒಂದು ಛಾಯೆ ಕಪ್ಪಾಗಿ ಬಂತು. ಮಗ ಎರಡು ವರ್ಷ ಓದಿ, ಪದವಿ ಪಡೆದು, ಹಿಂದಕ್ಕೆ ಬಂದ. ಸ್ವೆಟರಿನ ಎಡದೋಳು ಮಾತ್ರ ಬರಲೇ ಇಲ್ಲ.

ಕೆಲಸಗಳು ಹೀಗೇಕೆ ಅರ್ಧಕ್ಕೆ ನಿಲ್ಲುತ್ತವೆ? ಸೋಮಾರಿತನ ಎಂದು ಹೇಳಿಬಿಡುವುದು ಸುಲಭ. ಮನೆ ಮತ್ತು ಶಾಲೆ ಎರಡನ್ನೂ ನಡೆಸುವ ಹೆಂಗಸಿಗೆ ಹೊತ್ತು ಇಡೀ ಥಾನಾಗಿ ಸಿಕ್ಕುವುದಿಲ್ಲ. ತುಂಡು ತುಂಡಾಗಿ ಸಿಕ್ಕುತ್ತದೆ. ಹಾಲು ಕಾಯುವವರೆಗೆ ಐದು ನಿಮಿಷ, ಬಸ್ಸು ಬರುವವರೆಗೆ ಹತ್ತು ನಿಮಿಷ, ನಲ್ಲಿಯಲ್ಲಿ ನೀರು ಬರುವ ತನಕ ಕಾಲು ಗಂಟೆ. ಈ ತುಂಡುಗಳಲ್ಲಿ ಕೆಲಸವನ್ನು ತೊಡಗಬಹುದು, ಮುಂದುವರಿಸಬಹುದು. ಮುಗಿಸುವುದು ಕಷ್ಟ. ಏಕೆಂದರೆ ಮುಗಿಸುವ ಘಟ್ಟದಲ್ಲಿಯೇ ಲೆಕ್ಕ, ಅಳತೆ, ಏಕಾಗ್ರತೆ ಎಲ್ಲವೂ ಬೇಕು. ತೋಳನ್ನು ಕಂಕುಳಿಗೆ ಕೂಡಿಸುವುದು, ಕಾಜಾ ಸರಿಯಾದ ಜಾಗಕ್ಕೆ ಬೀಳುವಂತೆ ಗುರುತು ಹಾಕುವುದು, ಇವು ಹಾಲು ಕಾಯುವ ಹೊತ್ತಿನಲ್ಲಿ ಆಗುವ ಕೆಲಸಗಳಲ್ಲ.

ಇನ್ನೊಂದು ಕಾರಣವೂ ಇದೆ. ಅದನ್ನು ನನಗೆ ತಿಳಿಸಿದವಳು ನಮ್ಮ ನೆರೆಮನೆಯಾಕೆ. ಬಳ್ಳಾರಿಯ ಜೀನ್ಸ್ ಹೊಲಿಗೆ ದೂರದೂರಿಗೆಲ್ಲ ಹೆಸರಾದದ್ದು ನಿಮಗೆ ಗೊತ್ತೇ ಇದೆ. ನಮ್ಮೂರಿನ ಎಷ್ಟೋ ಓಣಿಗಳಲ್ಲಿ ಬೆಳಗಿನಿಂದ ಮಷೀನಿನ ಸದ್ದು. ಈಕೆ ಹೊಲಿದ ಪ್ಯಾಂಟುಗಳ ಗಂಟು ಮನೆಗೆ ತಂದು, ಉಳಿದ ದಾರದ ತುದಿಗಳನ್ನು ಕತ್ತರಿಸಿ, ಎಣಿಸಿ ಕೊಟ್ಟು, ಎಣಿಕೆಯ ಮೇಲೆ ಕೂಲಿ ಪಡೆಯುವವಳು. ಆಕೆಯ ಮನೆಯಲ್ಲಿ ಅರೆಗೆಲಸವೆಂಬುದೇ ಇಲ್ಲ. “ನಿಮ್ಮದು ಮನಸಿನ ಹೊಲಿಗೆ ಟೀಚರಮ್ಮ, ನಮ್ಮದು ಹೊಟ್ಟೆ ಹೊಲಿಗೆ. ಹೊಟ್ಟೆ ನಾಳೆಗೆ ಅಂದ್ರ ಕೇಳಂಗಿಲ್ಲ” ಎಂದಳು ಒಮ್ಮೆ. ನಾನು ಸುಮ್ಮನಾದೆ. ಮನಸ್ಸಿನ ಹೊಲಿಗೆಗೆ ತಗಾದೆ ಮಾಡುವವರಿಲ್ಲ. ಆದ್ದರಿಂದಲೇ ಅದು ಟ್ರಂಕು ಸೇರುತ್ತದೆ.

ಟ್ರಂಕು ಸೇರಿದರೂ ಮನಸ್ಸಿನಿಂದ ಹೋಗುವುದಿಲ್ಲ ಎಂಬುದು ಬೇರೆ ಮಾತು. ಬ್ಲೂಮಾ ಝೈಗಾರ್ನಿಕ್ ಎಂಬ ವಿದುಷಿ ಬರ್ಲಿನ್ನಿನಲ್ಲಿ ಓದುತ್ತಿದ್ದಾಗ ನಡೆಸಿದ ಪ್ರಯೋಗಗಳನ್ನು 1927ರಲ್ಲಿ ಪ್ರಕಟಿಸಿದರು. ಮುಗಿಸಿದ ಕೆಲಸಕ್ಕಿಂತ ನಡುವೆ ನಿಲ್ಲಿಸಿದ ಕೆಲಸ ಹೆಚ್ಚಾಗಿ ನೆನಪಿನಲ್ಲಿ ಉಳಿಯುತ್ತದೆ ಎಂಬುದು ಅವರು ಕಂಡುಕೊಂಡದ್ದು. ಮುಂದಿನ ಪ್ರಯೋಗಗಳೆಲ್ಲ ಇದನ್ನು ಒಂದೇ ಸಮನಾಗಿ ಎತ್ತಿಹಿಡಿದಿಲ್ಲ. ಆದರೆ ನನ್ನ ಮಟ್ಟಿಗೆ ಅದು ಸುಳ್ಳಲ್ಲ. ಪಾಠದ ನಡುವೆ, ಹಳಗನ್ನಡದ ಒಂದು ಪದ್ಯವನ್ನು ಅನ್ವಯಿಸಿ ಹೇಳುತ್ತಿರುವಾಗ, ಎಡದೋಳು ಬಂದು ಕಣ್ಣಮುಂದೆ ನಿಂತದ್ದುಂಟು.

ನಾನು ಪಂಡಿತೆಯಾದುದರಿಂದ ನನ್ನ ತಪ್ಪಿಗೂ ಕಾವ್ಯದಲ್ಲಿ ಆಧಾರ ಹುಡುಕಿಕೊಂಡಿದ್ದೆ. ಬಾಣಭಟ್ಟನ ‘ಕಾದಂಬರಿ’ ಅವನ ಕೈಯಲ್ಲಿ ಮುಗಿಯಲಿಲ್ಲ. ಮಗ ಅದನ್ನು ಮುಗಿಸಿದನು. ಕುಮಾರವ್ಯಾಸನು ಭಾರತದ ಹದಿನೆಂಟು ಪರ್ವಗಳಲ್ಲಿ ಹತ್ತನ್ನು ಹೇಳಿ ನಿಲ್ಲಿಸಿದನು. ಉಳಿದ ಎಂಟನ್ನು ಹೇಳಿ ಮುಗಿಸಿದವನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ. ಹಂಪೆ 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರುವವರೆಗೂ ನಮ್ಮ ಜಿಲ್ಲೆಯದೇ ಆಗಿತ್ತಷ್ಟೆ. ಹಾಗಾಗಿ ಅರ್ಧಕ್ಕೆ ನಿಂತ ಭಾರತಕ್ಕೆ ಮುಕ್ತಾಯ ದೊರೆತದ್ದು ನಮ್ಮ ನೆರೆಯಲ್ಲಿಯೇ ಎಂದು ನಾನು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ. ಮಹಾಕವಿಗಳ ಕೆಲಸವೇ ಉಳಿಯಿತಂತೆ, ನನ್ನ ರವಿಕೆಯದೇನು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಒಂದು ಮಾತನ್ನು ಮರೆತಿದ್ದೆ. ತಿಮ್ಮಣ್ಣ ಕವಿ ಮುಗಿಸಿದ್ದು ಇನ್ನೊಬ್ಬರ ಕೆಲಸವನ್ನು. ನನ್ನ ಟ್ರಂಕಿನ ತಳದಲ್ಲಿದ್ದ ಕೌದಿಯೂ ಇನ್ನೊಬ್ಬರದು.

ಕೌದಿಯೆಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸಂಸ್ಕೃತದಲ್ಲಿ ಕಂಥಾ, ಕನ್ನಡದಲ್ಲಿ ಕಂತೆ, ಕೌದಿ, ಬೊಂತೆ. ಆಂಧ್ರದ ಗಡಿ ಹತ್ತಿರವಿರುವ ನಮ್ಮೂರಿನ ತೆಲುಗರ ಬಾಯಲ್ಲಿ ಬೊಂತ. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ನಾವು ಹೀಯಾಳಿಸಲು ಬಳಸುತ್ತೇವೆ. ಕಂತೆಯನ್ನು ಹೊಲಿದು ನೋಡಿದವರು ಹೀಯಾಳಿಸಲಾರರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದನು. ಕದಿರ ರೆಮ್ಮವ್ವೆ ಎಂಬ ನೂಲುವ ವಚನಕಾರ್ತಿಯೂ ಇದ್ದಳು. ಸೂಜಿ ಮತ್ತು ಕದಿರು ಹೆಸರಿನ ಮುಂದೆ ನಿಲ್ಲುವಷ್ಟು ಮರ್ಯಾದೆ ಪಡೆದಿದ್ದ ಕಾಲ ಅದು.

ನಮ್ಮ ಅತ್ತೆಯವರು ಕುರುಗೋಡಿನಲ್ಲಿದ್ದರು. ಏಕಶಿಲೆಯ ದೊಡ್ಡಬಸವೇಶ್ವರನಿರುವ ಊರು. ಜಾತ್ರೆಗೆ ಹೋದವರು ಆ ನಂದಿಯ ಎತ್ತರವನ್ನು ತಲೆಯೆತ್ತಿ ನೋಡಿಯೇ ಬಂದಿರುತ್ತೀರಿ. ಮಕ್ಕಳೆಲ್ಲ ಬಳ್ಳಾರಿ ಸೇರಿದರೂ ಅತ್ತೆ ಊರು ಬಿಡಲಿಲ್ಲ. ಅವರು ಕೌದಿ ಹೊಲಿಯುವ ಕ್ರಮವೇ ಒಂದು ಪಾಠ. ಹಳೆಯ ಸೀರೆ ಧೋತರಗಳನ್ನು ಹಿಂದಿನ ರಾತ್ರಿ ನೆನೆಹಾಕಿ, ಗಂಜಿಯೆಲ್ಲ ಹೋಗುವಂತೆ ಒಗೆಯುವರು. ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ, ಹರಿಯುತ್ತಿದ್ದರು. ಹರಿದರೆ ಹತ್ತಿ ಬಟ್ಟೆ ಎಳೆಯ ಗುಂಟ ನೇರವಾಗಿ ಸೀಳುತ್ತದೆ. ಕೆಳಗೆ ಗಟ್ಟಿಯಾದ ಒಂದು ಸೀರೆ, ನಡುವೆ ಸವೆದ ಪದರಗಳು, ಮೇಲೆ ಬಣ್ಣಬಣ್ಣದ ತುಂಡುಗಳು. ಗುಳೇದಗುಡ್ಡದ ಖಣದ ಚೂರು, ಮಕ್ಕಳ ಅಂಗಿಯ ಬೆನ್ನು, ದೋತರದ ಅಂಚು. ಎಲ್ಲವನ್ನೂ ಪಡಸಾಲೆಯಲ್ಲಿ ಹಾಸಿ, ನಾಲ್ಕು ಮೂಲೆಗೆ ಗುಂಡುಕಲ್ಲು ಹೇರಿ, ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಹೊಲಿಯುತ್ತ ಬರುವರು. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ನೈಲಾನ್ ಬಟ್ಟೆಯನ್ನು ಒಳಗೆ ಸೇರಿಸುತ್ತಿರಲಿಲ್ಲ. ಒಗೆದಾಗ ಹತ್ತಿ ಕುಗ್ಗುತ್ತದೆ, ಅದು ಕುಗ್ಗುವುದಿಲ್ಲ, ಕೌದಿ ಗಂಟುಗಂಟಾಗುತ್ತದೆ. ಸಾಲು ಹತ್ತಿರವಿದ್ದಷ್ಟೂ ಪದರ ಜರುಗುವುದಿಲ್ಲ. ಉಡಲು ಬಾರದ ನಾಲ್ಕು ಜೀರ್ಣ ಸೀರೆಗಳು ಒಂದನ್ನೊಂದು ಹಿಡಿದುಕೊಂಡು ಮತ್ತೆ ಹತ್ತು ವರ್ಷ ಬಾಳುತ್ತವೆ.

2022ರ ದೀಪಾವಳಿಗೆ ಹೋದಾಗ ಅತ್ತೆ ಒಂದು ಕೌದಿಯನ್ನು ನನ್ನ ಮಡಿಲಿಗೆ ಇಟ್ಟರು. ಒಂದು ಕಣ್ಣಿಗೆ ಪೊರೆ ತೆಗೆಸಿದ್ದರೂ ಅವರಿಗೆ ದೃಷ್ಟಿ ಮಂದವಾಗಿತ್ತು, ಕೈ ನಡುಗುತ್ತಿತ್ತು. “ನಡುವ ನಾಕ ಗೇಣು ಉಳದೈತಿ. ಇನ್ನ ನನ್ನ ಕಡಿಂದ ಆಗಂಗಿಲ್ಲ. ನೀನ ಮುಗಿಸಿ ಕೊಡವ್ವ. ಮೊಮ್ಮಗಳ ಬಾಣಂತನಕ್ಕ ಬೇಕಾದೀತು” ಎಂದರು. ಮಗಳಿಗೆ ಆಗಿನ್ನೂ ಮದುವೆಯೇ ಆಗಿರಲಿಲ್ಲ. “ಬೇಸಗೆ ರಜೆಯಲ್ಲಿ ಮುಗಿಸ್ತೀನಿ ಅತ್ತೆ” ಎಂದು ಮಾತು ಕೊಟ್ಟು ತಂದೆ.

ಬೇಸಗೆ ಬಂತು. ಏಪ್ರಿಲಿನಲ್ಲಿ ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಗಳ ಮೌಲ್ಯಮಾಪನ, 2023ರ ಮೇ ತಿಂಗಳಲ್ಲಿ ವಿಧಾನಸಭೆಯ ಚುನಾವಣೆ, ಮತಗಟ್ಟೆಯ ಕೆಲಸ. ಮರುವರ್ಷ ಮತ್ತೆ ಮೌಲ್ಯಮಾಪನ, ಮತ್ತೆ ಮೇ ತಿಂಗಳಲ್ಲಿ ಚುನಾವಣೆ, ಈ ಸಲ ಲೋಕಸಭೆಯದು. ಅದಾದ ಮೇಲೆ ಮಗಳ ಮದುವೆ, ಸಿರುಗುಪ್ಪದ ಸಂಬಂಧ. ಕಾರಣಗಳೆಲ್ಲ ನಿಜವೇ. ಆದರೆ ಅದೇ ಎರಡು ವರ್ಷದಲ್ಲಿ ನಾನು ಹೊಸದಾಗಿ ತೊಡಗಿದ ಕೆಲಸಗಳೆಷ್ಟು ಎಂದು ಲೆಕ್ಕ ಹಾಕಿದರೆ ನಾಲ್ಕು. ಹೊಸ ಬಟ್ಟೆ, ಹೊಸ ದಾರ ಕಂಡಾಗ ನನಗೆ ಹೊತ್ತು ಸಿಕ್ಕಿತ್ತು. ಹಳೆಯ ಕೌದಿಗೆ ಮಾತ್ರ ಸಿಕ್ಕಲಿಲ್ಲ.

ಕುರುಗೋಡಿಗೆ ಹೋದಾಗಲೆಲ್ಲ ಅತ್ತೆ ಕೇಳುವರು: “ಕೌದಿ ಎಲ್ಲಿಗ ಬಂತವ್ವ?” ದನಿಯಲ್ಲಿ ಆಕ್ಷೇಪಣೆ ಇರುತ್ತಿರಲಿಲ್ಲ. ಮೊದಲ ಸಲ “ಇನ್ನೂ ತೆಗೆದಿಲ್ಲ” ಎಂದೆ. ಎರಡನೆಯ ಸಲ ಅಷ್ಟು ಹೇಳಲು ನಾಚಿಕೆಯಾಯಿತು. “ಆಗ್ತಾ ಬಂತು ಅತ್ತೆ” ಎಂದುಬಿಟ್ಟೆ. ಅದು ಸುಳ್ಳು. ಸುಳ್ಳು ಹೇಳಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ಬಾಯಿ ಇದು. ಅವರು ಸಂತೋಷಪಟ್ಟು, “ಹಂಗಾರ ಮುಂದಿನ ಸಲ ತಗೊಂಬಾ. ಕಣ್ಣಿಗೆ ಕಾಣಂಗಿಲ್ಲ, ಕೈಯಾಡಿಸಿ ನೋಡ್ತೀನಿ” ಎಂದರು. ಮುಂದಿನ ಸಲ ನಾನು ಹೋದದ್ದು 2025ರ ಜನವರಿಯಲ್ಲಿ. ಆಗ ಕೈಯಾಡಿಸುವ ಕೈ ತಣ್ಣಗಾಗಿತ್ತು.

ಆಮೇಲೆ ಆ ಟ್ರಂಕನ್ನು ತೆಗೆಯಲು ನನಗೆ ಧೈರ್ಯ ಬರಲಿಲ್ಲ. ತೆಗೆದವಳು ಮಗಳು. 2025ರ ದೀಪಾವಳಿಯ ಹೊತ್ತಿಗೆ ಚೊಚ್ಚಲ ಬಾಣಂತನಕ್ಕೆ ಸಿರುಗುಪ್ಪದಿಂದ ಬಂದವಳು, ಮಗುವಿಗೆ ಮೆತ್ತನೆಯ ಹಳೆಯ ಬಟ್ಟೆ ಹುಡುಕುತ್ತ ಮಂಚದ ಕೆಳಗಿನಿಂದ ಟ್ರಂಕು ಎಳೆದಳು. ಕೌದಿ ಹೊರಗೆ ಬಂತು. ನೆಲದ ಮೇಲೆ ಹಾಸಿ ನೋಡಿದೆವು. ಅಂಚಿನ ಸಾಲುಗಳು ಜೋಳದ ಕಾಳು ಜೋಡಿಸಿದಂತೆ ಸಮ. ಒಳಕ್ಕೆ ಬಂದಂತೆ ಹೊಲಿಗೆ ದೊಡ್ಡದಾಗುತ್ತ, ಸಾಲು ಓರೆಯಾಗುತ್ತ, ಕೊನೆಯಲ್ಲಿ ಒಂದರ ಮೇಲೊಂದು ಏರಿತ್ತು. ಕಣ್ಣು ಎಂದಿನಿಂದ ಹೋಯಿತೆಂದು ಆ ಸಾಲುಗಳಲ್ಲಿಯೇ ಓದಬಹುದಾಗಿತ್ತು.

ನಾನು ಕತ್ತರಿ ತಂದೆ. ಆ ಓರೆ ಸಾಲುಗಳನ್ನು ಬಿಚ್ಚಿ ನೆಟ್ಟಗೆ ಹೊಲಿದರೆ ಕೌದಿ ಲಕ್ಷಣವಾಗಿ ಕಾಣುವುದೆಂದು ನನ್ನ ಎಣಿಕೆ. ತಪ್ಪು ಕಂಡಲ್ಲಿ ಕೆಂಪು ಶಾಯಿ ಎಳೆದ ಕೈಗೆ ಬೇರೆ ಏನು ತೋಚೀತು? ಮಗಳು ಕೈ ಹಿಡಿದಳು. “ಅಮ್ಮಾ, ಬೇಡ. ಅಜ್ಜಿ ಕಣ್ಣು ಕಾಣದೇ ಇದ್ದಾಗ ಹೊಲಿದಿದ್ದು ಅಷ್ಟೇ ಭಾಗ. ಅದನ್ನ ಬಿಚ್ಚಿ ಹಾಕಿದರೆ ಅಜ್ಜಿ ಪಟ್ಟ ಕಷ್ಟವನ್ನೇ ಬಿಚ್ಚಿ ಹಾಕಿದ ಹಾಗೆ.” ನಾನು ಕತ್ತರಿ ಕೆಳಗಿಟ್ಟೆ.

ಮರುದಿನದಿಂದ ಸಂಜೆ, ಅಡುಗೆಮನೆಯ ಕೆಲಸ ಮುಗಿದ ಮೇಲೆ, ರೇಡಿಯೋ ಹಚ್ಚಿ ಮುಕ್ಕಾಲು ತಾಸು ಕುಳಿತೆ. ಮಗಳು ದಾರ ಪೋಣಿಸಿ ಕೊಟ್ಟಳು. ನೆರೆಮನೆಯಾಕೆ ಪ್ಯಾಂಟಿನ ಗಂಟು ಬದಿಗಿಟ್ಟು ಬಂದು ಇನ್ನೊಂದು ಮಗ್ಗುಲು ಹಿಡಿದಳು. ಹನ್ನೊಂದು ದಿನಕ್ಕೆ ಮುಗಿಯಿತು. ಲೆಕ್ಕ ಹಾಕಿ ನೋಡಿದೆ: ಎಂಟು ತಾಸು ಹದಿನೈದು ನಿಮಿಷ. ಅತ್ತೆ ಕೌದಿ ಕೊಟ್ಟ ದಿನದಿಂದ ಅವರು ಹೋದ ದಿನದವರೆಗೆ ನನಗಿದ್ದದ್ದು ಎರಡು ವರ್ಷ ಮೂರು ತಿಂಗಳು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದ ಮೇಲೆ ‘ಹೊತ್ತಿಲ್ಲ’ ಎಂಬ ಮಾತನ್ನು ಬಳಸುವಾಗ ನಾನು ಸ್ವಲ್ಪ ಎಚ್ಚರವಾಗಿದ್ದೇನೆ.

ನಡುವಿನ ಕೊನೆಯ ಕಿಂಡಿ ಮುಚ್ಚುವ ಮೊದಲು ನಾಲ್ಕು ಕಾಳು ಅಕ್ಕಿ ಒಳಗೆ ಹಾಕುವುದು ಅತ್ತೆಯ ಪದ್ಧತಿ. ಕೌದಿಯ ಹೊಟ್ಟೆ ಖಾಲಿ ಇರಬಾರದು ಎನ್ನುವರು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರಲ್ಲಿಯೂ ಇಂಥ ರೂಢಿಯಿದೆ; ಅವರು ಕೌದಿಯ ಮೂಲೆಗಳಿಗೆ ಬಟ್ಟೆಯ ಹೂವನ್ನೂ ಇಡುತ್ತಾರೆ. ಸಿರುಗುಪ್ಪದ ಬೀಗರು ತಮ್ಮ ಗದ್ದೆಯ ಸೋನಾ ಮಸೂರಿ ಅಕ್ಕಿ ಕಳಿಸಿದ್ದರು. ತುಂಗಭದ್ರೆಯ ನೀರು ಕುಡಿದ ಆ ನಾಲ್ಕು ಕಾಳು ಕುರುಗೋಡಿನ ಕೌದಿಯ ಹೊಟ್ಟೆ ಸೇರಿದವು.

ಇಷ್ಟಾದ ಮೇಲೆ ಟ್ರಂಕನ್ನು ಪೂರ್ತಿ ಬರಿದು ಮಾಡಿದೆ. ಅದರಿಂದ ಕಲಿತದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಕೆಲಸ ನಿಲ್ಲಿಸಲೇಬೇಕಾದರೆ, ಎಲ್ಲಿಗೆ ನಿಂತಿತು, ಮುಂದೆ ಏನು ಮಾಡಬೇಕು ಎಂದು ಒಂದು ಚೀಟಿಯಲ್ಲಿ ಬರೆದು ಅದಕ್ಕೇ ಸಿಕ್ಕಿಸಿ. ನೆನಪಿದ್ದೀತು ಎಂದು ನಂಬಬೇಡಿ. ಹೆಣಿಗೆಯನ್ನು ಕಡ್ಡಿಯ ಮೇಲೆಯೇ ತಿಂಗಳುಗಟ್ಟಲೆ ಬಿಟ್ಟರೆ ಆ ಸಾಲು ಹಿಗ್ಗಿ ಗೆರೆ ಬೀಳುತ್ತದೆ. ಕುಣಿಕೆಗಳನ್ನು ಒಂದು ಹತ್ತಿಯ ದಾರಕ್ಕೆ ಇಳಿಸಿ ಕಟ್ಟಿಡಿ, ಜೊತೆಗೆ ಒಣಗಿದ ಬೇವಿನ ಸೊಪ್ಪು ಹಾಕಿ. ಉಣ್ಣೆಯನ್ನು ತರುವಾಗಲೇ ಒಂದು ಉಂಡೆ ಹೆಚ್ಚು ತನ್ನಿ. ಕತ್ತರಿಸಿದ ಬಟ್ಟೆಯಾದರೆ ಎಲ್ಲ ತುಂಡು, ಗುಂಡಿ, ಅಳತೆ ರವಿಕೆ ಇವನ್ನು ಒಂದೇ ಗಂಟಿನಲ್ಲಿಡಿ. ಹುಡುಕುವುದರಲ್ಲಿ ಕಳೆದ ಹೊತ್ತೇ ಎಷ್ಟೋ ಸಲ ಹೊಲಿಯುವ ಹೊತ್ತಿಗಿಂತ ಹೆಚ್ಚು.

ಎಲ್ಲವನ್ನೂ ಮುಗಿಸಲೇಬೇಕೆಂದಿಲ್ಲ. ಬಿಚ್ಚುವುದೂ ಒಂದು ಬಗೆಯ ಮುಕ್ತಾಯ. ಒಂದೇ ತೋಳಿನ ಸ್ವೆಟರನ್ನು ಬಿಚ್ಚಿ, ಕುರ್ಚಿಯ ಬೆನ್ನಿಗೆ ಲಡಿ ಸುತ್ತಿ, ಒಗೆದು, ಸುರುಳಿ ಹೋಗುವಂತೆ ಭಾರ ಕಟ್ಟಿ ಒಣಗಿಸಿದೆ. ಮಗುವಿಗೆ ಟೊಪ್ಪಿಗೆ, ಕಾಲುಚೀಲ ಆದವು. ಎಡದೋಳಿನ ಪಿಡುಗು ಅಲ್ಲಿಗೆ ತಪ್ಪಿತು. ಜೀನ್ಸ್ ಚೀಲಕ್ಕೆ ಹಿಡಿ ಕೂಡಿತು. ಈಗ ವಾರದ ಕಾಯಿಪಲ್ಲೆ ಅದರಲ್ಲೇ ಬರುತ್ತದೆ. ಒಂದು ಜೀನ್ಸ್ ಪ್ಯಾಂಟು ಹತ್ತಿಯ ಹೊಲದಿಂದ ಹಿಡಿದು, ಉಟ್ಟು ಒಗೆದು ಬಿಸಾಡುವ ತನಕ 3,781 ಲೀಟರ್ ನೀರು ಕುಡಿಯುತ್ತದೆಂದು ಲೀವೈಸ್ ಕಂಪನಿ 2015ರಲ್ಲಿ ಲೆಕ್ಕ ಕೊಟ್ಟಿತ್ತು. ಬೇಸಗೆಯಲ್ಲಿ ನೀರಿಗೆ ಕಾಯುವ ನಮ್ಮೂರಿನವರು ಅಂಥ ಪ್ಯಾಂಟನ್ನು ಮೊಣಕಾಲು ಹರಿದ ಮಾತ್ರಕ್ಕೆ ಎಸೆಯುವುದು ತರವಲ್ಲ. ಯುದ್ಧಕಾಲದ ಇಂಗ್ಲೆಂಡಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೆ ಪಡಿತರವಿತ್ತು. ಹಳೆಯದನ್ನು ತೇಪೆ ಹಾಕಿ ಉಡುವುದನ್ನು ಅಲ್ಲಿ ಸರ್ಕಾರವೇ ಪುಸ್ತಿಕೆ ಅಚ್ಚುಹಾಕಿ ಕಲಿಸಿತು. ನಮಗೆ ಅದನ್ನು ಅತ್ತೆಯರು ಪುಸ್ತಿಕೆಯಿಲ್ಲದೆ ಕಲಿಸಿದ್ದಾರೆ.

ನಾಲ್ಕನೆಯ ಮಾತೇ ಮುಖ್ಯವಾದದ್ದು. ಅರೆಗೆಲಸಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ನಮಗಾಗಿ ಕಾಯುತ್ತವೆ. ರವಿಕೆ ಹತ್ತು ವರ್ಷ ಕಾಯ್ದರೂ ಕೆಡುವುದೇನಿಲ್ಲ, ಹೆಚ್ಚೆಂದರೆ ನಾವು ದಪ್ಪಗಾಗಿರುತ್ತೇವೆ. ಕೆಲವು ಕೆಲಸಗಳ ಹಿಂದೆ ಒಬ್ಬರು ಕುಳಿತು ಕಾಯುತ್ತಿರುತ್ತಾರೆ. ಅವರ ಹೊತ್ತು ನಮ್ಮ ಹೊತ್ತಿಗಿಂತ ಚಿಕ್ಕದು. ಆ ಕೆಲಸಕ್ಕೆ ಮೊದಲು ಕೈ ಹಚ್ಚಬೇಕು. ಮುಗಿಯದಿದ್ದರೂ ಚಿಂತೆಯಿಲ್ಲ, ಅರ್ಧವನ್ನೇ ತೆಗೆದುಕೊಂಡು ಹೋಗಿ ತೋರಿಸಬೇಕು. ನಾನು ಅರ್ಧ ಕೌದಿಯನ್ನಾದರೂ ಹೆಗಲ ಮೇಲೆ ಹಾಕಿಕೊಂಡು ಕುರುಗೋಡಿನ ಬಸ್ಸು ಹತ್ತಿದ್ದರೆ, ಅತ್ತೆ ಕೈಯಾಡಿಸಿ, ಎಲ್ಲಿ ತಮ್ಮ ಹೊಲಿಗೆ ಮುಗಿದು ನನ್ನದು ಮೊದಲಾಯಿತೆಂದು ಬೆರಳಿನಲ್ಲೇ ಕಂಡುಹಿಡಿದು, ನಕ್ಕು ಬಿಡುತ್ತಿದ್ದರು.

ಮೊಮ್ಮಗಳು ಈಗ ಆ ಕೌದಿಯ ಮೇಲೆ ಮಲಗುತ್ತಾಳೆ. ಬಳ್ಳಾರಿಯ ಸೆಕೆಗೆ ಹೊದಿಸುವ ಪ್ರಮೇಯವಿಲ್ಲ, ಹಾಸಿದರೆ ಸಾಕು. ಎಚ್ಚರವಾದಾಗ ಮಗ್ಗುಲಾಗಿ, ನಡುವಿನ ಆ ಓರೆ ಸಾಲುಗಳ ಮೇಲೆಯೇ ಬೆರಳಾಡಿಸುತ್ತಾಳೆ. ಸಮನಾದ ಹೊಲಿಗೆಯ ಮೇಲೆ ಬೆರಳು ಜಾರುತ್ತದೆ. ಓರೆಯಾದಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಅದನ್ನು ನೋಡಿದಾಗಲೆಲ್ಲ, ಅಂದು ಮಗಳು ನನ್ನ ಕೈಯಿಂದ ಕತ್ತರಿ ಬಿಡಿಸಿದ್ದು ಎಂಥ ಒಳ್ಳೆಯ ಕೆಲಸವಾಯಿತು ಎಂದುಕೊಳ್ಳುತ್ತೇನೆ.

ಟ್ರಂಕಿನಲ್ಲಿ ಇನ್ನೂ ಎರಡು ರವಿಕೆ ಉಳಿದಿವೆ. ಅವು ಇರಲಿ. ನಿಮ್ಮ ಮನೆಯ ಟ್ರಂಕಿನ ತಳದಲ್ಲಿ ಇನ್ನೊಬ್ಬರ ಹೊಲಿಗೆ ಏನಾದರೂ ಇದ್ದರೆ, ಈ ಸಂಜೆ ಒಮ್ಮೆ ತೆಗೆದು ನೋಡಿ.